ಮುಖ ಕೊಳಕೋ, ಕನ್ನಡಿ ಕೊಳಕೋ?

ಕನ್ನಡಿಯ ಮೇಲೆ ಕಲೆ ಕುಳಿತಿರುವಾಗ ಮುಖವನ್ನು ಎಷ್ಟು ತಿಕ್ಕಿ ತೊಳೆದರೂ ಕಲೆ ಹೋಗುವುದಿಲ್ಲ. ಕಡೆಗೆ ಮುಖದ ಚರ್ಮವೇ ಹೋದೀತು. ಇದು ಎಳೆಯ ಮಕ್ಕಳಿಗೂ ತಿಳಿದ ಮಾತು. ಆದರೆ ಆ ಕನ್ನಡಿಯು ಕಂಪ್ಯೂಟರಿನ ಪರದೆಯಾದಾಗ, ತಿಳಿದವರೂ ಈ ಸಣ್ಣ ವಿವೇಕವನ್ನು ಮರೆತುಬಿಡುತ್ತಾರೆ. ಪರದೆಯ ಮೇಲೆ ಮದುಮಗಳ ಮುಖಕ್ಕೆ ಅಡ್ಡಲಾಗಿ ಒಂದು ಕಪ್ಪು ಪಟ್ಟಿ ಮೂಡಿದರೆ ಸಾಕು, ಒಬ್ಬರು ಚಿತ್ರವೇ ಕೆಟ್ಟಿತೆಂದು ಅದನ್ನು ಅಳಿಸಿಹಾಕುತ್ತಾರೆ. ಇನ್ನೊಬ್ಬರು ಕ್ಯಾಮೆರಾವನ್ನು ಶಪಿಸುತ್ತಾರೆ. ಮತ್ತೊಬ್ಬರು ಯಾರದೋ ಮಾತು ಕೇಳಿ ಹಲವು ಸಾವಿರ ರೂಪಾಯಿ ತೆತ್ತು ಹೊಸ ಗ್ರಾಫಿಕ್ಸ್ ಕಾರ್ಡ್ ಕೊಂಡುತರುತ್ತಾರೆ. ಪಟ್ಟಿ ಮಾತ್ರ ಇದ್ದಲ್ಲಿಯೇ ಇರುತ್ತದೆ.

ಈ ವಾರ ಆ ಪಟ್ಟಿಯ ವಿಚಾರವನ್ನೇ ಎತ್ತಿಕೊಂಡಿದ್ದೇನೆ. ಹಳಗನ್ನಡ ವ್ಯಾಕರಣ ಹೇಳುವವನಿಗೆ ಈ ಯಂತ್ರದ ಗೊಡವೆ ಏಕೆಂದು ವಾಚಕರು ಕೇಳಬಹುದು. ನನ್ನ ಬಳಿ ಓದಿದ ಕೆಲವು ಹುಡುಗರು ಇಂದು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡು ಸಂಸಾರ ಸಾಗಿಸುತ್ತಿದ್ದಾರೆ. ಅವರ ಅಂಗಡಿಗಳಲ್ಲಿ ಕುಳಿತು ಕಂಡದ್ದು, ಕೇಳಿದ್ದು, ಅವರೊಡನೆ ಸೇರಿ ಶೋಧಿಸಿದ್ದು ಇಲ್ಲಿದೆ. ಮನೆಯಲ್ಲಿಯೇ ಲ್ಯಾಪ್‌ಟಾಪ್ ಇಟ್ಟುಕೊಂಡು ಮಕ್ಕಳ ಹುಟ್ಟುಹಬ್ಬದ ಚಿತ್ರಗಳನ್ನು ತಿದ್ದುವ ಗೃಹಸ್ಥರಿಗೂ ಇದರ ಉಪಯೋಗವುಂಟು.

ಈ ಐದು ಊರುಗಳನ್ನು ಒಟ್ಟಿಗೆ ಹೇಳಿದ್ದಕ್ಕೆ ಕಾರಣವಿದೆ. ಕಲಬುರಗಿ ಜಿಲ್ಲೆಯ ಈ ಭಾಗದ ನೆಲದಡಿಯಲ್ಲಿ ಸುಣ್ಣದ ಕಲ್ಲು ಹಾಸಿಕೊಂಡಿದೆ. ದಖ್ಖಣದ ಅದೆಷ್ಟೋ ಮನೆಗಳ ನೆಲಕ್ಕೆ ಹಾಸಿದ ಪರಸಿ ಶಹಾಬಾದಿನದು. ಸೇಡಂ, ವಾಡಿಗಳ ಸಿಮೆಂಟ್ ಕಾರ್ಖಾನೆಗಳಿಗೆ ಇದೇ ಕಲ್ಲು ಆಹಾರ. ಕಲ್ಲಿದ್ದಲ್ಲಿ ಧೂಳು ತಪ್ಪಿದ್ದಲ್ಲ. ಜೊತೆಗೆ ಬೇಸಗೆಯ ಬಿಸಿಲು ೪೨, ೪೩ ಡಿಗ್ರಿಯನ್ನು ದಾಟುವುದುಂಟು. ಮದುವೆಗಳು ನಡೆಯುವುದೂ ಆ ಚೈತ್ರ ವೈಶಾಖಗಳಲ್ಲಿಯೇ. ಸ್ಟುಡಿಯೋದವನಿಗೆ ವರ್ಷದ ಗಂಜಿ ದೊರೆಯುವ ಎರಡು ತಿಂಗಳುಗಳಲ್ಲಿಯೇ ಅವನ ಯಂತ್ರಕ್ಕೆ ಅತ್ಯಂತ ಕಷ್ಟದ ಕಾಲ ಒದಗುತ್ತದೆ. ಬೆಂಗಳೂರಿನ ತಂಪಿನಲ್ಲಿ ಬರೆದ ಸಲಹೆ ಇಲ್ಲಿ ಅರ್ಧ ಮಾತ್ರ ಫಲಿಸುವುದು ಈ ಕಾರಣದಿಂದಲೇ.

ಇನ್ನೊಂದು ಮಾತು. ೧೯೪೮ರವರೆಗೆ ಈ ಪ್ರದೇಶ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು; ೧೯೫೬ರಲ್ಲಿ ಕನ್ನಡ ನಾಡಿನೊಡನೆ ಒಂದಾಯಿತು. ಸಿಕಂದರಾಬಾದಿನಿಂದ ವಾಡಿಗೆ ರೈಲು ಬಂದದ್ದು ೧೮೭೪ರಲ್ಲಿ. ಆರನೆಯ ನಿಜಾಮರ ಆಸ್ಥಾನದ ಛಾಯಾಚಿತ್ರಗಾರರಾಗಿದ್ದ ರಾಜಾ ದೀನ್ ದಯಾಳರ (೧೮೪೪–೧೯೦೫) ಸ್ಟುಡಿಯೋ ಇದ್ದುದೂ ಆ ಸಿಕಂದರಾಬಾದಿನಲ್ಲಿಯೇ. ಆದುದರಿಂದ ಇಲ್ಲಿನ ಹಳೆಯ ಮನೆಗಳ ಟ್ರಂಕುಗಳಲ್ಲಿ ಶೇರ್ವಾನಿ ತೊಟ್ಟ ಅಜ್ಜಂದಿರು, ಇಳಕಲ್ ಸೀರೆಯ ಅಜ್ಜಿಯರು ಹಳದಿಗಟ್ಟಿದ ಕಾಗದದ ಮೇಲೆ ಇನ್ನೂ ಕುಳಿತಿದ್ದಾರೆ. ಮೊಮ್ಮಕ್ಕಳು ಆ ಚಿತ್ರವನ್ನು ತಂದು, ‘ಇದನ್ನ ಹೊಸಾದ್ ಮಾಡಿಕೊಡ್ರಿ’ ಎಂದು ಸ್ಟುಡಿಯೋದ ಮೇಜಿನ ಮೇಲೆ ಇಡುತ್ತಾರೆ. ಹಲವು ಮನೆಗಳಲ್ಲಿ ಆ ಅಜ್ಜಿಯದು ಅದೊಂದೇ ಚಿತ್ರ. ಪರದೆಯ ದೋಷವನ್ನು ಚಿತ್ರದ ದೋಷವೆಂದು ಭ್ರಮಿಸಿ ಅದರ ಮೇಲೆ ಕೈ ಮಾಡಿದರೆ ಆಗುವ ನಷ್ಟವನ್ನು ರೂಪಾಯಿಯಲ್ಲಿ ಎಣಿಸುವಂತಿಲ್ಲ.

ಬಡಿಸುವವನ ಪಾಡು

ಗ್ರಾಫಿಕ್ಸ್ ಕಾರ್ಡ್ ಎಂದರೇನು? ಮದುವೆಯ ಮನೆಯ ಪಂಕ್ತಿಯನ್ನು ನೆನೆದುಕೊಳ್ಳಿ. ಒಳಗೆ ಹುಗ್ಗಿ ಬೇಯಿಸುವವನೊಬ್ಬ. ಹೊರಗೆ ಸಾಲಿನುದ್ದಕ್ಕೂ ಓಡುತ್ತ ಬಡಿಸುವವನು ಇನ್ನೊಬ್ಬ. ಉಣ್ಣುವವನ ಮುಂದೆ ಎಲೆ. ಕಂಪ್ಯೂಟರಿನಲ್ಲಿ ಅಡುಗೆಯವನ ಸ್ಥಾನ ಮುಖ್ಯ ಪ್ರೊಸೆಸರಿನದು, ಬಡಿಸುವವನದು ಗ್ರಾಫಿಕ್ಸ್ ಕಾರ್ಡಿನದು, ಎಲೆ ಮಾನಿಟರಿನದು. ಹುಗ್ಗಿ ಚೆನ್ನಾಗಿಯೇ ಬೆಂದಿದ್ದರೂ ಬಡಿಸುವವನು ಎಡವಿದರೆ ಎಲೆಯ ಮೇಲೆ ಬೀಳುವುದು ಚೆಲ್ಲಾಪಿಲ್ಲಿ. ಉಂಡವನು ಅಡುಗೆಯವನನ್ನು ಬಯ್ದರೆ ಅದು ನ್ಯಾಯವಲ್ಲ.

ಫೋಟೋಶಾಪ್ ಎಂಬ ತಂತ್ರಾಂಶವನ್ನು ಕಟ್ಟಿದವರು ಥಾಮಸ್ ನಾಲ್ ಮತ್ತು ಜಾನ್ ನಾಲ್ ಎಂಬ ಅಣ್ಣತಮ್ಮಂದಿರು. ಅಡೋಬಿ ಸಂಸ್ಥೆ ಅದನ್ನು ೧೯೯೦ರಲ್ಲಿ ಮಾರುಕಟ್ಟೆಗೆ ತಂದಿತು. ಮೊದಲ ಹದಿನೆಂಟು ವರ್ಷ ಅಡುಗೆಯವನೇ ಬಹುಮಟ್ಟಿಗೆ ಬಡಿಸುವ ಕೆಲಸವನ್ನೂ ಮಾಡುತ್ತಿದ್ದ. ೨೦೦೮ರಲ್ಲಿ ಬಂದ ಸಿ.ಎಸ್. ೪ ಎಂಬ ಆವೃತ್ತಿ ಮೊದಲ ಬಾರಿಗೆ ಗ್ರಾಫಿಕ್ಸ್ ಕಾರ್ಡಿನ ಬಲವನ್ನು ದುಡಿಸಿಕೊಂಡಿತು. ಅಂದಿನಿಂದ ಚಿತ್ರವನ್ನು ಹಿಗ್ಗಿಸಿದಾಗ ಅಂಚುಗಳು ನಯವಾಗಿ ಕಾಣತೊಡಗಿದವು. ಕಾಗದವನ್ನು ತಿರುಗಿಸಿದಂತೆ ಚಿತ್ರವನ್ನು ಪರದೆಯ ಮೇಲೆ ತಿರುಗಿಸಿ ನೋಡುವುದು ಸಾಧ್ಯವಾಯಿತು. ಆಮೇಲಿನ ಆವೃತ್ತಿಗಳಲ್ಲಿ ಕಾರ್ಡಿನ ಪಾಲಿಗೆ ಕೆಲಸ ಹೆಚ್ಚುತ್ತಲೇ ಬಂದಿದೆ. ಕೆಲಸ ಹೆಚ್ಚಿದಂತೆ ಎಡವುವ ಸಂದರ್ಭಗಳೂ ಹೆಚ್ಚಿದವು. ಕಪ್ಪು ಚೌಕಗಳು, ಮಿನುಗುವ ಪಟ್ಟಿಗಳು, ಮಾಯವಾಗುವ ಬ್ರಷ್ಷು, ಕ್ಷಣಕಾಲ ಕತ್ತಲಾಗಿ ಮತ್ತೆ ಬೆಳಗುವ ಪರದೆ, ಇವೆಲ್ಲ ಆ ಎಡವುವಿಕೆಯ ಬಗೆಗಳು.

ದೋಷವೋ, ಅದೋಷವೋ?

ಸೇಡಂ ತಾಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಹುಟ್ಟಿದ ‘ಕವಿರಾಜಮಾರ್ಗ’ ನಮಗೆ ದೊರೆತಿರುವ ಅತಿ ಹಳೆಯ ಕನ್ನಡ ಗ್ರಂಥ. ಅದರ ಮೊದಲ ಪರಿಚ್ಛೇದದ ಹೆಸರು ‘ದೋಷಾದೋಷಾನುವರ್ಣನ ನಿರ್ಣಯ’. ಕಾವ್ಯದಲ್ಲಿ ಯಾವುದು ದೋಷ, ಯಾವುದು ದೋಷವಲ್ಲ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು, ಅಲಂಕಾರಗಳ ವಿಚಾರವನ್ನು ಶಾಸ್ತ್ರಕಾರ ಆಮೇಲೆ ಎತ್ತಿಕೊಂಡಿದ್ದಾನೆ. ಸ್ಟುಡಿಯೋದ ಹುಡುಗರಿಗೆ ನಾನು ಹೇಳುವುದೂ ಅದನ್ನೇ. ಮದ್ದು ಆಮೇಲೆ; ಮೊದಲು ದೋಷ ಎಲ್ಲಿದೆ, ನಿಜವಾಗಿಯೂ ಇದೆಯೇ ಎಂಬ ನಿರ್ಣಯ. ಇದಕ್ಕೆ ಮೂರು ಪರೀಕ್ಷೆಗಳು ಸಾಕು. ಮೂರಕ್ಕೂ ಕಾಸು ಖರ್ಚಿಲ್ಲ.

ಒಂದನೆಯದು: ಚಿತ್ರದ ಒಂದು ಪ್ರತಿಯನ್ನು ಜೆಪೆಗ್ ಆಗಿ ಉಳಿಸಿ, ಮೊಬೈಲಿಗೆ ಕಳುಹಿಸಿ ನೋಡುವುದು. ಅಲ್ಲಿ ಪಟ್ಟಿ, ಚೌಕಗಳು ಇಲ್ಲವಾದರೆ ಚಿತ್ರ ಸುರಕ್ಷಿತ. ಕೆಟ್ಟಿರುವುದು ನೋಟ ಮಾತ್ರ. ಅಲ್ಲಿಯೂ ಇದ್ದರೆ ದೋಷ ಚಿತ್ರದೊಳಗೇ ಸೇರಿದೆ. ಮೂಲ ಕಡತವನ್ನು, ಕ್ಯಾಮೆರಾದ ಮೆಮರಿ ಕಾರ್ಡನ್ನು ನೋಡಬೇಕು. ಒಂದು ಎಚ್ಚರ: ಈ ಪರೀಕ್ಷೆಯಲ್ಲಿ ಬಣ್ಣದ ಹೆಚ್ಚು ಕಡಿಮೆಯನ್ನು ಅಳೆಯಬಾರದು. ಮೊಬೈಲಿನ ಪರದೆ ಸ್ವಭಾವತಃ ಬಣ್ಣವನ್ನು ಸ್ವಲ್ಪ ಹೆಚ್ಚಿಸಿಯೇ ಹೇಳುವುದುಂಟು.

ಎರಡನೆಯದು: ಕೀಲಿಮಣೆಯ ಪ್ರಿಂಟ್ ಸ್ಕ್ರೀನ್ ಗುಂಡಿಯನ್ನೊತ್ತಿ ಪರದೆಯ ನಕಲು ತೆಗೆದು, ಅದನ್ನು ಬೇರೆ ಯಂತ್ರದಲ್ಲಿ ನೋಡುವುದು. ಕಣ್ಣಿಗೆ ಕಾಣುವ ಪಟ್ಟಿ ನಕಲಿನಲ್ಲಿ ಇಲ್ಲವಾದರೆ, ತಂತ್ರಾಂಶದವರೆಗೆ ಎಲ್ಲವೂ ನೆಟ್ಟಗಿದೆ; ಮಾನಿಟರನ್ನೋ ಅದರ ಕೇಬಲ್ಲನ್ನೋ ಮೊದಲು ಶಂಕಿಸಬೇಕು. ಕೇಬಲ್ಲನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಕೂಡಿಸುವುದರಿಂದಲೇ ಎಷ್ಟೋ ಕಾಯಿಲೆಗಳು ವಾಸಿಯಾಗಿವೆ. ನಕಲಿನಲ್ಲಿಯೂ ಪಟ್ಟಿ ಇದ್ದರೆ ದೋಷ ತಂತ್ರಾಂಶದಲ್ಲಿ, ಡ್ರೈವರಿನಲ್ಲಿ, ಇಲ್ಲವೆ ಕಾರ್ಡಿನಲ್ಲಿ. ಕೆಲವರು ಪರದೆಯ ಎದುರು ಮೊಬೈಲ್ ಹಿಡಿದು ಫೋಟೋ ತೆಗೆದು ಕಳುಹಿಸುತ್ತಾರೆ. ಅದು ಪ್ರಯೋಜನವಿಲ್ಲ, ಹಾಗೆ ತೆಗೆದ ಚಿತ್ರದಲ್ಲಿ ಮೊಬೈಲ್ ಕ್ಯಾಮೆರಾವೇ ಹೊಸ ಪಟ್ಟಿಗಳನ್ನು ಸೃಷ್ಟಿಸಬಲ್ಲದು.

ಮೂರನೆಯದು: ಫೋಟೋಶಾಪಿನಲ್ಲಿ ಎಡಿಟ್, ಪ್ರಿಫರೆನ್ಸಸ್, ಪರ್ಫಾರ್ಮೆನ್ಸ್ ಎಂಬ ಮೂರು ಮೆಟ್ಟಿಲಿಳಿದರೆ ‘ಯೂಸ್ ಗ್ರಾಫಿಕ್ಸ್ ಪ್ರೊಸೆಸರ್’ ಎಂಬ ಸಾಲು ಸಿಗುತ್ತದೆ. ಅದರ ಮುಂದಿನ ಗುರುತನ್ನು ತೆಗೆದು, ತಂತ್ರಾಂಶವನ್ನು ಮುಚ್ಚಿ ಮತ್ತೆ ತೆರೆಯಬೇಕು. ಈಗ ಬಡಿಸುವವನನ್ನು ಮನೆಗೆ ಕಳುಹಿಸಿ ಅಡುಗೆಯವನೇ ಬಡಿಸುತ್ತಿದ್ದಾನೆ ಎಂದು ಅರ್ಥ. ಕೆಲಸ ನಿಧಾನವಾದೀತು; ಆದರೆ ಪಟ್ಟಿ ಮಾಯವಾದರೆ ಅಪರಾಧಿ ಕಾರ್ಡಾಗಲಿ ಅದರ ಡ್ರೈವರಾಗಲಿ ಎಂದು ಖಚಿತವಾಯಿತು. ಮದುವೆ ಆಲ್ಬಮ್ ನಾಳೆಯೇ ಕೊಡಬೇಕಾಗಿದ್ದರೆ ಹೀಗೆಯೇ ಇಟ್ಟುಕೊಂಡು ಕೆಲಸ ಮುಗಿಸಬಹುದು. ಪಟ್ಟಿ ಹೋಗದಿದ್ದರೆ ಕಾರ್ಡನ್ನು ಕೊಳ್ಳುವ ಮಾತನ್ನು ಅಲ್ಲಿಗೇ ನಿಲ್ಲಿಸಿ, ತಂತ್ರಾಂಶದ ಸೆಟ್ಟಿಂಗುಗಳ ಕಡೆಗೆ ತಿರುಗಬೇಕು. ಬೆಲೆಯಿಲ್ಲದೆ ದೊರೆಯುವ ಗಿಂಪ್‌ನಂಥ ಬೇರೊಂದು ತಂತ್ರಾಂಶದಲ್ಲಿ ಅದೇ ಚಿತ್ರವನ್ನು ತೆರೆದು ನೋಡುವುದೂ ಒಳ್ಳೆಯ ಸಾಕ್ಷಿ.

ಇನ್ನು ಐದು ಊರುಗಳ ಐದು ಪ್ರಕರಣಗಳನ್ನು ಹೇಳುತ್ತೇನೆ.

ಶಹಾಬಾದಿನ ಹಳದಿ

ಶಹಾಬಾದಿನ ಅಂಗಡಿಯೊಂದರಲ್ಲಿ ಬಿಳಿಯ ಅಂಗಿಗಳೆಲ್ಲ ಪರದೆಯ ಮೇಲೆ ಹಳದಿಯಾಗಿ ಕಾಣತೊಡಗಿದವು. ಹುಡುಗ ಜಾಣ, ಪ್ರತಿಯೊಂದು ಚಿತ್ರಕ್ಕೂ ಸ್ವಲ್ಪ ನೀಲಿ ಬೆರೆಸಿ ಬಿಳುಪು ತಂದುಕೊಂಡ. ಪರದೆಯ ಮೇಲೆ ಎಲ್ಲ ಸೊಗಸು. ಆದರೆ ಲ್ಯಾಬಿನಿಂದ ಆಲ್ಬಮ್ ಮುದ್ರಣವಾಗಿ ಬಂದಾಗ ವರ, ವಧು, ಬೀಗರು ಎಲ್ಲರೂ ಚಳಿಗೆ ನಡುಗಿದವರಂತೆ ನೀಲಿಯಾಗಿದ್ದರು! ಮುಖವನ್ನು ತೊಳೆದು ಕನ್ನಡಿಯನ್ನು ಬಿಟ್ಟದ್ದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ? ಇಡೀ ಆಲ್ಬಮ್ಮಿನ ಖರ್ಚು ಅವನ ಮೈಮೇಲೆ ಬಂತು.

ಅಲ್ಲಿ ಕಾರ್ಡಿಗೆ ಏನೂ ಆಗಿರಲಿಲ್ಲ. ಇಂಥ ಹಳದಿಗೆ ಸಾಮಾನ್ಯವಾಗಿ ಎರಡು ಕಾರಣಗಳುಂಟು. ಇಡೀ ಪರದೆಯೇ ಹಳದಿಯಾಗಿದ್ದರೆ, ರಾತ್ರಿ ಕಣ್ಣಿಗೆ ತಂಪಾಗಲೆಂದು ವಿಂಡೋಸ್ ಇಟ್ಟಿರುವ ‘ನೈಟ್ ಲೈಟ್’ ಎಂಬ ಏರ್ಪಾಡು ಹಗಲಲ್ಲಿಯೂ ಉರಿಯುತ್ತಿರುತ್ತದೆ, ಅದನ್ನು ಆರಿಸಿದರಾಯಿತು. ಚಿತ್ರಗಳಲ್ಲಿ ಮಾತ್ರ ಹಳದಿ ಕಂಡು ಉಳಿದ ಪರದೆ ಬೆಳ್ಳಗಿದ್ದರೆ, ಮಾನಿಟರಿನ ಬಣ್ಣದ ಪ್ರೊಫೈಲ್ ಕೆಟ್ಟಿದೆ ಎಂದು ಊಹಿಸಬಹುದು. ವಿಂಡೋಸಿನ ಕಲರ್ ಮ್ಯಾನೇಜ್‌ಮೆಂಟ್ ಪುಟಕ್ಕೆ ಹೋಗಿ, ಮಾನಿಟರನ್ನು ಆರಿಸಿ, ಇರುವ ಪ್ರೊಫೈಲಿನ ಬದಲು ಎಸ್.ಆರ್.ಜಿ.ಬಿ. ಎಂಬುದನ್ನು ಸೇರಿಸಿ ಅದನ್ನೇ ಖಾಯಂ ಮಾಡಬೇಕು. ಶಹಾಬಾದಿನ ಹುಡುಗನದು ಈ ಎರಡನೆಯ ಬಗೆಯ ಕಾಯಿಲೆ. ಮದ್ದು ಐದು ನಿಮಿಷದ್ದು.

ಅದೋಷಗಳ ಸಾಲಿಗೆ ಕನ್ನಡಿಗರ ಪಾಲಿನ ಇನ್ನೊಂದನ್ನು ಸೇರಿಸುತ್ತೇನೆ. ಲಗ್ನಪತ್ರಿಕೆಯ ಮೇಲೆ ‘ಶ್ರೀ’ ಒಡೆದು, ಒತ್ತಕ್ಷರ ಕೆಳಗೆ ಕೂಡದೆ ಪಕ್ಕದಲ್ಲಿ ಬಂದು ನಿಂತರೆ, ‘ಸರ, ಡಿಸ್‌ಪ್ಲೇ ಹೋಗ್ಯದ’ ಎನ್ನುತ್ತಾರೆ. ಡಿಸ್‌ಪ್ಲೇ ಹೋಗಿಲ್ಲ. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ಪ್ರಿಫರೆನ್ಸಸ್‌ನ ಟೈಪ್ ಎಂಬ ವಿಭಾಗಕ್ಕೆ ಹೋಗಿ, ದಕ್ಷಿಣ ಏಷ್ಯದ ಲಿಪಿಗಳಿಗೆ ಹೊಂದುವ ಅಕ್ಷರ ಜೋಡಣೆಯನ್ನು ಆರಿಸಿ, ತಂತ್ರಾಂಶವನ್ನು ಮತ್ತೆ ತೆರೆದು ಹೊಸದಾಗಿ ಅಕ್ಷರ ಬರೆಯಬೇಕು. ಹಾಗೆಯೇ ಚಿತ್ರದಲ್ಲಿ ಕೂದಲೆಳೆಯಂಥ ಗೆರೆಗಳು ಕಂಡರೆ ಹೆದರುವ ಮೊದಲು ಚಿತ್ರವನ್ನು ನೂರು ಶೇಕಡಾ ಗಾತ್ರಕ್ಕೆ ತಂದು ನೋಡಿ. ಅಲ್ಲಿ ಗೆರೆಯಿಲ್ಲದಿದ್ದರೆ ಅದು ಹಿಗ್ಗಿಸಿ ಕುಗ್ಗಿಸಿದ್ದರ ಭ್ರಮೆ.

ವಾಡಿಯ ಡ್ರೈವರ್

ವಾಡಿ ಜಂಕ್ಷನ್ನಿನವರಿಗೆ ಡ್ರೈವರ್ ಎಂಬ ಮಾತನ್ನು ವಿವರಿಸಬೇಕಾಗಿಲ್ಲ. ಎಂಜಿನ್ ಎಷ್ಟೇ ಬಲಿಷ್ಠವಾಗಿದ್ದರೂ ಅದನ್ನು ಬಲ್ಲ ಡ್ರೈವರ್ ಇಲ್ಲದಿದ್ದರೆ ಗಾಡಿ ಪ್ಲಾಟ್‌ಫಾರಂ ಬಿಡುವುದಿಲ್ಲ. ಕಾರ್ಡಿಗೂ ಅದನ್ನು ನಡೆಸುವ ಸಣ್ಣ ತಂತ್ರಾಂಶವೊಂದುಂಟು. ಅದರ ಹೆಸರೂ ಡ್ರೈವರ್. ವಾಡಿಯ ಸ್ಟುಡಿಯೋದಲ್ಲಿ ವಿಂಡೋಸ್ ತನ್ನನ್ನು ತಾನೇ ನವೀಕರಿಸಿಕೊಂಡ ಮಾರನೆಯ ದಿನ ಫೋಟೋಶಾಪ್ ತೆವಳತೊಡಗಿತು. ಚಿತ್ರವನ್ನು ತಿರುಗಿಸಿ ನೋಡುವ ‘ರೊಟೇಟ್ ವ್ಯೂ’ ಕೆಲಸ ಮಾಡಲೊಲ್ಲೆನೆಂದಿತು. ಇದೊಂದು ನಂಬಬಹುದಾದ ಕುರುಹು: ರೊಟೇಟ್ ವ್ಯೂ ಮುನಿಸಿಕೊಂಡರೆ ಫೋಟೋಶಾಪಿಗೆ ಕಾರ್ಡಿನ ನೆರವು ಸಿಗುತ್ತಿಲ್ಲ.

ಡಿವೈಸ್ ಮ್ಯಾನೇಜರ್ ತೆರೆದು ನೋಡಿದರೆ, ಕಾರ್ಡಿನ ಹೆಸರಿರಬೇಕಾದ ಜಾಗದಲ್ಲಿ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿತ್ತು. ಎಂದರೆ ಸರಿಯಾದ ಡ್ರೈವರ್ ಇಳಿದುಹೋಗಿ, ಹೇಗೋ ಪರದೆಯನ್ನು ಬೆಳಗಿಸಬಲ್ಲ ಬದಲಿ ಡ್ರೈವರ್ ಏರಿ ಕುಳಿತಿದ್ದ. ಇದಕ್ಕೆ ಪರಿಹಾರ, ಕಾರ್ಡ್ ತಯಾರಿಸಿದ ಎನ್‌ವಿಡಿಯಾ, ಎ.ಎಂ.ಡಿ., ಇಂಟೆಲ್ ಇವರಲ್ಲಿ ಯಾರದೋ ಅವರಿಂದಲೇ ಡ್ರೈವರ್ ತಂದು ಹಾಕುವುದು. ಹಳೆಯದರ ಅವಶೇಷ ಉಳಿಯದಂತೆ ಹಾಕುವುದು. ಎನ್‌ವಿಡಿಯಾದವರು ೨೦೧೯ರಿಂದ ಆಟದವರಿಗೆ ಒಂದು, ಚಿತ್ರ ಕೆಲಸದವರಿಗೆ ‘ಸ್ಟುಡಿಯೋ ಡ್ರೈವರ್’ ಎಂದು ಇನ್ನೊಂದು, ಹೀಗೆ ಎರಡು ಬಗೆ ಕೊಡುತ್ತಿದ್ದಾರೆ. ನಮ್ಮ ಕೆಲಸಕ್ಕೆ ಎರಡನೆಯದೇ ಲೇಸು.

ಹೊಸದೆಲ್ಲ ಒಳ್ಳೆಯದೆಂಬ ಮೋಹವೂ ಬೇಡ. ಹೊಸ ಡ್ರೈವರ್ ಹಾಕಿದ ದಿನದಿಂದಲೇ ಕಪ್ಪು ಚೌಕಗಳು ಆರಂಭವಾಗಿದ್ದರೆ ಹಿಂದಿನದಕ್ಕೆ ಮರಳಬಹುದು; ಡಿವೈಸ್ ಮ್ಯಾನೇಜರಿನಲ್ಲಿಯೇ ‘ರೋಲ್ ಬ್ಯಾಕ್’ ಎಂಬ ದಾರಿಯಿದೆ. ಇನ್ನು ಈಚಿನ ಫೋಟೋಶಾಪಿಗೆ ಡೈರೆಕ್ಟ್ ಎಕ್ಸ್ ೧೨ ಬಲ್ಲ, ಕನಿಷ್ಠ ಒಂದೂವರೆ ಜಿ.ಬಿ. ಸ್ವಂತ ಮೆಮರಿಯುಳ್ಳ ಕಾರ್ಡ್ ಬೇಕು. ಹೆಲ್ಪ್ ಎಂಬ ಪಟ್ಟಿಯಲ್ಲಿರುವ ‘ಜಿ.ಪಿ.ಯು. ಕಂಪ್ಯಾಟಿಬಿಲಿಟಿ’ ನಿಮ್ಮ ಕಾರ್ಡ್ ಅದಕ್ಕೆ ಒಪ್ಪುತ್ತದೆಯೋ ಇಲ್ಲವೋ ಎಂಬುದನ್ನು ತಾನೇ ಹೇಳುತ್ತದೆ. ಹತ್ತು ಹನ್ನೆರಡು ವರ್ಷದ ಮುದಿ ಕಾರ್ಡಿನ ಮೇಲೆ ಇಂದಿನ ತಂತ್ರಾಂಶವನ್ನು ಹೇರಿ ಅದು ಮುಗ್ಗರಿಸಿತೆಂದು ಬೈಯುವುದು ತರವಲ್ಲ.

ಚಿತ್ತಾಪುರದ ಇಬ್ಬರು ಬಡಿಸುವವರು

ಚಿತ್ತಾಪುರದವರದು ಲ್ಯಾಪ್‌ಟಾಪ್. ಬೆಲೆ ಕೊಟ್ಟು ಒಳ್ಳೆಯ ಕಾರ್ಡ್ ಇರುವುದನ್ನೇ ತಂದಿದ್ದರು. ಆದರೂ ದೊಡ್ಡ ಚಿತ್ರ ತೆರೆದೊಡನೆ ಬ್ರಷ್ ಕೈಗಿಂತ ಹಿಂದೆ ಉಳಿಯುತ್ತಿತ್ತು. ಇಂಥ ಯಂತ್ರಗಳಲ್ಲಿ ಬಡಿಸುವವರು ಇಬ್ಬರು: ಪ್ರೊಸೆಸರಿನೊಳಗೇ ಇರುವ ಸಣ್ಣವನೊಬ್ಬ, ಬೇರೆಯಾಗಿ ಕೂಡಿಸಿದ ದೊಡ್ಡವನೊಬ್ಬ. ಬ್ಯಾಟರಿ ಉಳಿಸಲೆಂದು ವಿಂಡೋಸ್ ಸಣ್ಣವನನ್ನೇ ಕೆಲಸಕ್ಕೆ ಕರೆಯುವುದುಂಟು. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಎಂಬಲ್ಲಿ ಫೋಟೋಶಾಪನ್ನು ಸೇರಿಸಿ ‘ಹೈ ಪರ್ಫಾರ್ಮೆನ್ಸ್’ ಎಂದು ಆರಿಸಿದ ಮೇಲೆ ದೊಡ್ಡವನು ಸೌಟು ಹಿಡಿದ.

ಮೇಜಿನ ಕಂಪ್ಯೂಟರಿನಲ್ಲಿ ಇದೇ ಕಾಯಿಲೆಯ ಇನ್ನೊಂದು ರೂಪವುಂಟು. ಹಿಂಬದಿಯಲ್ಲಿ ಮಾನಿಟರಿನ ಕೇಬಲ್ ಸಿಕ್ಕಿಸಲು ಎರಡು ಜಾಗಗಳಿರುತ್ತವೆ. ಒಂದು ಮದರ್‌ಬೋರ್ಡಿನದು, ಇನ್ನೊಂದು ಕಾರ್ಡಿನದು. ಗುಡಿಸುವಾಗ ಬಿಚ್ಚಿದ ಕೇಬಲ್ಲನ್ನು ಮರಳಿ ಮದರ್‌ಬೋರ್ಡಿಗೆ ಚುಚ್ಚಿಬಿಟ್ಟರೆ ಕೊಂಡ ಕಾರ್ಡ್ ಒಳಗೆ ಸುಮ್ಮನೆ ಕುಳಿತಿರುತ್ತದೆ. ಹೊಸದನ್ನು ಕೊಳ್ಳುವ ಮುನ್ನ ಇದ್ದುದನ್ನು ಸರಿಯಾಗಿ ಜೋಡಿಸಿದೆಯೇ ಎಂದು ನೋಡಿಕೊಳ್ಳಬೇಕು.

ಸೇಡಂನ ಮಧ್ಯಾಹ್ನ

ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಸೇಡಂನ ಪ್ರಕರಣ. ವೈಶಾಖದ ಬಿಸಿಲು, ಕೈಯಲ್ಲಿ ಐದಾರು ಮದುವೆಗಳ ಕೆಲಸ. ಪರದೆ ಆಗಾಗ ಕತ್ತಲಾಗುತ್ತದೆ, ಮತ್ತೆ ಬರುತ್ತದೆ, ಚಿತ್ರದಲ್ಲೆಲ್ಲ ಚೌಕಗಳು.

‘ಸರ, ಕಾರ್ಡ್ ಸುಟ್ಟದಂತ್ರಿ. ಹೊಸಾದೇ ಹಾಕ್ಬೇಕಂತ. ಏನ್ ಮಾಡ್ಲಿ?’ ಎಂದ.

‘ದಿನಾ ಎಷ್ಟು ಗಂಟೆಗೆ ಹೀಗಾಗುತ್ತದೆ?’ ಎಂದು ಕೇಳಿದೆ.

ಸ್ವಲ್ಪ ಯೋಚಿಸಿ, ‘ಮುಂಜಾನಿ ಏನೂ ಆಗಲ್ರಿ. ಹನ್ನೆರಡಾದ ಮ್ಯಾಲೇ ಶುರು’ ಎಂದ.

ಆ ಉತ್ತರದಲ್ಲಿಯೇ ಅರ್ಧ ನಿರ್ಣಯ ಮುಗಿದಿತ್ತು. ಸುಟ್ಟ ಕಾರ್ಡಿಗೆ ಮುಂಜಾನೆ, ಮಧ್ಯಾಹ್ನಗಳ ಭೇದವಿರುವುದು ಅಪರೂಪ. ತಪ್ಪಿದ ಡ್ರೈವರ್ ಕೂಡ ಗಡಿಯಾರ ನೋಡಿ ತಪ್ಪುವುದಿಲ್ಲ. ತಂಪಿನಲ್ಲಿ ಸರಿಯಿದ್ದು ಬಿಸಿಯಲ್ಲಿ ಕೆಡುವುದು ಉಸಿರುಕಟ್ಟಿದ ಯಂತ್ರದ ಲಕ್ಷಣ. ವಿಂಡೋಸಿನ ಪದ್ಧತಿಯೇನೆಂದರೆ, ಕೊಟ್ಟ ಕೆಲಸಕ್ಕೆ ಕಾರ್ಡ್ ಎರಡು ಸೆಕೆಂಡಿನೊಳಗೆ ಓಗೊಡದಿದ್ದರೆ ಅದು ಸೋತಿತೆಂದು ತಿಳಿದು ಡ್ರೈವರನ್ನು ಹೊಸದಾಗಿ ಎಬ್ಬಿಸುತ್ತದೆ. ಕ್ಷಣಕಾಲದ ಆ ಕತ್ತಲೆ ಅದೇ.

ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಕಾರ್ಡಿನ ಉಷ್ಣತೆ ಕಾಣುತ್ತದೆ. ೮೦ ಡಿಗ್ರಿ ದಾಟಿ ೯೦ರ ಕಡೆಗೆ ನಡೆಯುತ್ತಿದ್ದರೆ ಎಚ್ಚರಗೊಳ್ಳಬೇಕು. ಸೇಡಂನ ಯಂತ್ರ ಮೇಜಿನ ಕೆಳಗೆ, ನೆಲದ ಮೇಲೆ, ಗೋಡೆಗೆ ಒತ್ತಿಕೊಂಡು ಕುಳಿತಿತ್ತು. ರಸ್ತೆಯ ಬಾಗಿಲು ದಿನವಿಡೀ ತೆರೆದೇ ಇರುತ್ತದೆ. ಪೆಟ್ಟಿಗೆಯ ಬದಿಯನ್ನು ಬಿಚ್ಚಿದಾಗ ಕಾರ್ಡಿನ ಫ್ಯಾನಿನ ಹಿಂದೆ, ಲೋಹದ ತೆಳು ರೆಕ್ಕೆಗಳ ನಡುವೆ, ಬೂದುಬಣ್ಣದ ಧೂಳು ಕಂಬಳಿಯಂತೆ ಹಾಸಿಕೊಂಡಿತ್ತು. ಹೊರಗೆ ೪೨ ಡಿಗ್ರಿಯಿರುವಾಗ ಕಂಬಳಿ ಹೊದ್ದು ದುಡಿಯುವ ಕೂಲಿಯವನು ತಲೆತಿರುಗಿ ಬಿದ್ದರೆ ಅವನ ತಪ್ಪೇ?

ಶುಚಿಮಾಡುವ ಕ್ರಮವನ್ನು ಸರಿಯಾಗಿ ಹೇಳಿಬಿಡುತ್ತೇನೆ. ಯಂತ್ರವನ್ನು ಆರಿಸಿ, ಗೋಡೆಯಿಂದ ಪ್ಲಗ್ ಕಿತ್ತು, ಹತ್ತು ನಿಮಿಷ ಬಿಡಬೇಕು. ಅಂಗಡಿಯ ಹೊರಗೆ, ಗಾಳಿಯಾಡುವಲ್ಲಿ, ಒಣಗಿದ ಮೆದುವಾದ ಬ್ರಷ್ಷಿನಿಂದ ಧೂಳನ್ನು ಬಿಡಿಸಬೇಕು. ಗಾಳಿ ಊದುವ ಯಂತ್ರ ಬಳಸಿದರೆ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಅತಿವೇಗದಲ್ಲಿ ತಿರುಗಿದರೆ ಅದು ಹಾಳಾಗುತ್ತದೆ. ಒದ್ದೆ ಬಟ್ಟೆಯನ್ನು ಹತ್ತಿರವೂ ತರಕೂಡದು. ಸಿಮೆಂಟಿನ ಧೂಳಿಗೆ ನೀರು ತಾಗಿದರೆ ಏನಾಗುತ್ತದೆಂಬುದು ಈ ಸೀಮೆಯವರಿಗೆ ಗೊತ್ತೇ ಇದೆ. ಆಮೇಲೆ ಪೆಟ್ಟಿಗೆಯನ್ನು ನೆಲದಿಂದ ಎರಡಡಿ ಎತ್ತರಿಸಿ, ಗೋಡೆಯಿಂದ ಒಂದು ಗೇಣು ದೂರವಿಟ್ಟು, ಬಾಗಿಲ ಧೂಳು ನೇರವಾಗಿ ಬೀಳದಂತೆ ಇಡಬೇಕು. ಬೇರೆಡೆ ವರ್ಷಕ್ಕೊಮ್ಮೆ ಮಾಡುವ ಈ ಕೆಲಸವನ್ನು ಇಲ್ಲಿ ಎರಡು ತಿಂಗಳಿಗೊಮ್ಮೆ ಮಾಡುವುದು ಲೇಸು. ಮದುವೆಯ ಕಾಲಕ್ಕೆ ಮುಂಚೆಯಂತೂ ತಪ್ಪಿಸಬಾರದು.

ಅಂದು ಸಂಜೆ ಮತ್ತೆ ಯಂತ್ರ ಹಚ್ಚಿದೆವು. ಮರುದಿನದ ಮಧ್ಯಾಹ್ನ ಪರದೆ ಕತ್ತಲಾಗಲಿಲ್ಲ. ಕಾರ್ಡಿಗೆಂದು ಎತ್ತಿಟ್ಟಿದ್ದ ದುಡ್ಡು ಮಗಳ ಶಾಲೆಯ ಫೀಜಿಗೆ ಹೋಯಿತು ಎಂದು ಆಮೇಲೆ ತಿಳಿಯಿತು.

ಚಿಂಚೋಳಿಯ ಸಾವು

ಎಲ್ಲ ಕಾರ್ಡುಗಳೂ ಬ್ರಷ್ಷಿನಿಂದ ಬದುಕುತ್ತವೆಂದು ನಾನು ಹೇಳುತ್ತಿಲ್ಲ. ಚಿಂಚೋಳಿಯಲ್ಲಿ ಗುಂಡಿಯನ್ನೊತ್ತಿದ ಕ್ಷಣದಿಂದ, ವಿಂಡೋಸ್ ಕಣ್ಣು ಬಿಡುವ ಮುನ್ನವೇ, ತಯಾರಕರ ಗುರುತಿನ ಮೇಲೆಯೇ ಬಣ್ಣಬಣ್ಣದ ಚುಕ್ಕೆಗಳು. ಆ ಹೊತ್ತಿಗೆ ಫೋಟೋಶಾಪೂ ಇಲ್ಲ, ಡ್ರೈವರೂ ಏರಿಲ್ಲ. ಆದುದರಿಂದ ದೋಷ ದೇಹದ್ದೇ. ಪಕ್ಕದ ಅಂಗಡಿಯ ಮಾನಿಟರ್, ಬೇರೆ ಕೇಬಲ್ ಹಾಕಿ ನೋಡಿದರು, ಚುಕ್ಕೆ ಹೋಗಲಿಲ್ಲ. ಕಾರ್ಡನ್ನು ತೆಗೆದಿಟ್ಟು ಪ್ರೊಸೆಸರಿನೊಳಗಿನ ಗ್ರಾಫಿಕ್ಸಿನಿಂದಲೇ ನಡೆಸಿದಾಗ ಪರದೆ ತಿಳಿಯಾಯಿತು. ಕಾರ್ಡ್ ಸತ್ತಿದೆ ಎಂಬುದಕ್ಕೆ ಇನ್ನು ಸಾಕ್ಷಿ ಬೇಕಿಲ್ಲ. ಅಲ್ಲಿ ಹೊಸದನ್ನು ಕೊಳ್ಳುವುದೇ ನ್ಯಾಯ. ಆದರೆ ಹೊಸದು ಹಳೆಯದರ ಹಾದಿ ಹಿಡಿಯದಿರಬೇಕಾದರೆ ಅರ್ಥಿಂಗ್ ಸರಿಯಿರಬೇಕು. ಕರೆಂಟ್ ಒಮ್ಮೆಲೆ ಹೋಗಿ ಒಮ್ಮೆಲೆ ಬರುವ ಪೆಟ್ಟನ್ನು ತಡೆಯಲು ಒಳ್ಳೆಯ ಯು.ಪಿ.ಎಸ್. ಇರಬೇಕು. ಕಾರ್ಡಿಗೆ ಕೊಡುವ ದುಡ್ಡಿನಲ್ಲಿ ಒಂದು ಪಾಲನ್ನು ಇದಕ್ಕೆ ತೆಗೆದಿಡುವುದು ಜಾಣತನ.

ಒಂದು ನೋಟ್‌ಬುಕ್ಕಿನ ಮಾತು

ಈ ಐದೂ ಕಡೆ ದಾರಿ ತೋರಿಸಿದ್ದು ಒಂದೇ ನಿಯಮ: ಒಂದು ಸಲಕ್ಕೆ ಒಂದೇ ಬದಲಾವಣೆ. ಡ್ರೈವರನ್ನೂ ಬದಲಿಸಿ, ಕೇಬಲ್ಲನ್ನೂ ಬದಲಿಸಿ, ಫೋಟೋಶಾಪಿನ ಸೆಟ್ಟಿಂಗುಗಳನ್ನೂ ಅಳಿಸಿ ನೋಡಿದರೆ ಕಾಯಿಲೆ ವಾಸಿಯಾದೀತು. ಯಾವ ಮದ್ದಿನಿಂದ ಎಂಬುದು ತಿಳಿಯುವುದಿಲ್ಲ, ಮುಂದಿನ ಸಲ ಮತ್ತೆ ಕತ್ತಲೆಯಲ್ಲಿ ತಡಕಾಟ. ಮೇಜಿನ ಬಳಿ ಒಂದು ನೋಟ್‌ಬುಕ್ ಇಡಿ. ಯಾವ ದಿನ, ಎಷ್ಟು ಗಂಟೆಗೆ, ಏನು ಮಾಡುವಾಗ, ಏನು ಕಂಡಿತು, ಏನು ಬದಲಿಸಿದೆವು ಎಂದು ಎರಡೆರಡು ಸಾಲು ಬರೆಯಿರಿ. ಸೇಡಂನವನಿಗೆ ‘ಹನ್ನೆರಡಾದ ಮೇಲೆ’ ಎಂಬುದು ಮೊದಲೇ ನೆನಪಾಗಿದ್ದರೆ ಒಂದು ವಾರದ ನಿದ್ದೆ ಉಳಿಯುತ್ತಿತ್ತು.

ಎರಡನೆಯ ನಿಯಮ: ಪರದೆಯನ್ನು ನಂಬಲಾಗದ ದಿನ ಮೂಲಚಿತ್ರವನ್ನು ಮುಟ್ಟಬಾರದು. ಸ್ಕ್ಯಾನ್ ಮಾಡಿದ ಹಾಗೆಯೇ ಒಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಎತ್ತಿಟ್ಟು, ಇನ್ನೊಂದರ ಮೇಲೆ ಕೆಲಸ ಮಾಡಬೇಕು. ಫೋಟೋಶಾಪಿನ ಸೆಟ್ಟಿಂಗುಗಳನ್ನೆಲ್ಲ ಮೊದಲ ಸ್ಥಿತಿಗೆ ತರಲು ಅದನ್ನು ತೆರೆಯುವಾಗ ಕಂಟ್ರೋಲ್, ಆಲ್ಟ್, ಶಿಫ್ಟ್ ಮೂರನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಉಪಾಯವೊಂದುಂಟು. ಅದನ್ನೂ ಪ್ರತಿ ಎತ್ತಿಟ್ಟ ಮೇಲೆಯೇ, ಬೇರೆ ದಾರಿ ಮುಗಿದ ಮೇಲೆಯೇ ಬಳಸಬೇಕು.

ಇನ್ನು ಸ್ಟುಡಿಯೋಕ್ಕೆ ಹೋಗುವ ಗೃಹಸ್ಥರಿಗೆ ಎರಡು ಮಾತು. ‘ನಿಮ್ ಫೋಟೋ ಕೆಟ್ಟದ್ರಿ’ ಎಂದು ಯಾರಾದರೂ ಪರದೆಯನ್ನು ತೋರಿಸಿದರೆ, ಗದ್ದಲ ಮಾಡದೆ, ‘ಒಂದು ಪ್ರತಿ ನನ್ನ ಮೊಬೈಲಿಗೆ ಹಾಕ್ರಿ, ನೋಡೋಣ’ ಎನ್ನಿ. ಆ ಒಂದು ಮಾತಿನಿಂದ ಎಷ್ಟೋ ಚಿತ್ರಗಳು ಉಳಿದಾವು. ಮತ್ತು ಟ್ರಂಕಿನ ಚಿತ್ರವನ್ನು ಕೊಡುವ ಮುನ್ನ ಅದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ಮೆಲ್ಲಗೆ ಹೆಸರು ಬರೆದಿಡಿ. ಚಿತ್ತಾಪುರ ತಾಲೂಕಿನ ಕನಗನಹಳ್ಳಿಯಲ್ಲಿ ಅಶೋಕನ ಶಿಲ್ಪವೆಂದು ನಾವು ಇಂದು ಗುರುತಿಸುವುದು ಅವನ ಮುಖಭಾವದಿಂದಲ್ಲ. ಕಲ್ಲಿನ ಮೇಲೆ ಯಾರೋ ಬ್ರಾಹ್ಮಿಯಲ್ಲಿ ಅವನ ಹೆಸರನ್ನು ಕೆತ್ತಿಟ್ಟದ್ದರಿಂದ. ಚಕ್ರವರ್ತಿಗೇ ಹೆಸರಿನ ಆಸರೆ ಬೇಕಾದಾಗ ನಮ್ಮ ನಿಮ್ಮ ಅಜ್ಜಿಯರ ಮಾತೇನು?

ಕಾರ್ಡ್ ಬರುತ್ತದೆ, ಹೋಗುತ್ತದೆ. ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ. ಅಜ್ಜಿಯ ಆ ಒಂದು ಚಿತ್ರ ಸಿಗುವುದಿಲ್ಲ. ಆದ್ದರಿಂದ ಮೊದಲು ಕನ್ನಡಿಯನ್ನು ಒರೆಸಿ ನೋಡಿ.